ಮುನಿಗಂಗಪ್ಪ ಹತ್ತದ ಬೆಟ್ಟ

ಹುಣಸಮಾರನಹಳ್ಳಿ
2 ಡಿಸೆಂಬರ್ 2024, ಸೋಮವಾರ

ಶಿವರಾಮ್ ಭಾವನವರಿಗೆ,

ಮುನಿಗಂಗಪ್ಪ ಬರೆಯೋದು. ನಾನು ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಿ ಅಂತ ನಾನು ಕೇಳಿಲ್ಲ, ಗಮನಿಸಿ.

ಹನ್ನೊಂದು ವರ್ಷ ಆದಮೇಲೆ ಇದೇನು ಕಾರ್ಡು ಅಂತ ಕಣ್ಣು ಬಿಡಬೇಡಿ. ಮುನೇಶ್ವರನ ಗುಡಿ ಮುಂದೆ ನಾವಿಬ್ಬರೂ ಆಣೆ ಇಟ್ಟಿದ್ದು ಬಾಯಿ ಬಿಟ್ಟು ಮಾತಾಡಲ್ಲ ಅಂತ. ಕೈ ಬಗ್ಗೆ ಯಾರೂ ಏನೂ ಹೇಳಿಲ್ಲ. ಫೋನು ಬಾಯಿ ಲೆಕ್ಕಕ್ಕೆ ಬರುತ್ತೆ. ವಾಟ್ಸಾಪಲ್ಲಿ ನೀವು ನನ್ನ ಬ್ಲಾಕ್ ಮಾಡಿದ್ದೀರಿ. ಇಷ್ಟು ವರ್ಷ ನನ್ನ ಮಾತು ನಿಮಗೆ, ನಿಮ್ಮ ಮಾತು ನನಗೆ ದಾಟಿಸ್ತಿದ್ದ ನಮ್ಮ ಯಶೋಧಕ್ಕ ಈಗ ಮಗಳ ಕಡೆ ಸೇರ್ಕೊಂಡು, "ನಿಮ್ಮಿಬ್ಬರ ಮಧ್ಯೆ ನಾನಿನ್ನು ಬರಲ್ಲ" ಅಂದುಬಿಟ್ಟಳು. ಅದಕ್ಕೇ ಈ ಕಾರ್ಡು.

ನಿನ್ನೆ ಧನುಶ್ರೀ ಬಂದಿದ್ದಳು. ನಿಮ್ಮ ಮಗಳಾದರೂ ನನ್ನ ಅಕ್ಕನ ಮಗಳು, ಅದಕ್ಕೇ ಬುದ್ಧಿವಂತೆ. ಒಂದು ಕಾಗದ ನನ್ನ ಮುಂದೆ ಇಟ್ಟು ಹೇಳಿದಳು: "ಮಾವ, ಜನವರಿ ಕೊನೇ ಶನಿವಾರ ಭಾನುವಾರ ನೀನೂ ಅಪ್ಪಾನೂ ನಮ್ಮ ಜೊತೆ ಬ್ಯಾಗು ಹೊತ್ತು ಬೆಟ್ಟ ಹತ್ತಬೇಕು. ಮನೆಯಿಂದ ಕಾರಲ್ಲಿ ಎರಡು ಗಂಟೆ ಒಳಗಿರೋ ಯಾವ ಬೆಟ್ಟ ಆದರೂ ಸರಿ, ಇಬ್ಬರೂ ಸೇರಿ ಆರಿಸಿ. ಈ ಕಾಗದದಲ್ಲಿ ಬೆಟ್ಟದ ಹೆಸರು ಬರೆದು ಇಬ್ಬರೂ ರುಜು ಹಾಕಿ ಸಂಕ್ರಾಂತಿ ಒಳಗೆ ಕೊಡಿ. ಎರಡು ದಿನ ಒಂದೇ ದಾರೀಲಿ ನಡೆದು, ವಾಪಸ್ ಬರ್ತಾ ಮುನೇಶ್ವರನ ಮುಂದೆ ಆಣೆ ಬಿಡಿಸ್ಕೊಳ್ಳಿ. ಇಲ್ಲಾಂದ್ರೆ ನಾನೂ ನರೇಂದ್ರನೂ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ಆಗ್ತೀವಿ. ಮಂಟಪ ಇಲ್ಲ, ಸೋದರಮಾವನ ಶಾಸ್ತ್ರ ಇಲ್ಲ."

ಭಾವ, ನನಗೆ ಇರೋರು ಇಬ್ಬರೂ ಗಂಡುಮಕ್ಕಳು. ಸೋದರಮಾವನಾಗಿ ಮಂಟಪಕ್ಕೆ ಎತ್ಕೊಂಡು ಹೋಗೋಕೆ ನನಗೆ ಇರೋಳು ಇವಳೊಬ್ಬಳೇ. ಊರಿಗೆಲ್ಲ ಹೇಳಿಬಿಟ್ಟಿದ್ದೀನಿ. ಆದ್ದರಿಂದ ನಿಮ್ಮ ಮುಖ ಎರಡು ದಿನ ನೋಡೋಕೆ ಒಪ್ಪಿದ್ದೀನಿ.

ಬೆಟ್ಟ ಸ್ಕಂದಗಿರಿ. ನಾನು ಹದಿನೆಂಟನೇ ವಯಸ್ಸಲ್ಲಿ ಅದನ್ನ ಹತ್ತಿ, ಪಂದ್ಯ ಕಟ್ಟಿ, ಹಿಮ್ಮುಖವಾಗಿ ನಡೆದು ಇಳಿದಿದ್ದೆ. ಒಂದು ಕಲ್ಲೂ ಎಡವಲಿಲ್ಲ. ಒಪ್ಪಿಗೆ ಅಂತ ಒಂದು ಸಾಲು ಬರೆದು ಕಳಿಸಿ, ಸಾಕು.

ಮುನಿಗಂಗಪ್ಪ

*

ವಿದ್ಯಾರಣ್ಯಪುರ
7-12-2024

ಶ್ರೀ ಮುನಿಗಂಗಪ್ಪನವರಿಗೆ,

ನಿಮ್ಮ ಕಾರ್ಡು ತಲುಪಿತು. ತಲುಪುವ ಮೊದಲೇ ಅದರಲ್ಲಿದ್ದದ್ದು ನನಗೆ ಗೊತ್ತಾಯಿತು. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಬಾಲರಾಜ್ ಗೇಟಿನ ಹತ್ತಿರ ನಿಂತು, "ಮೇಷ್ಟ್ರೇ, ಸ್ಕಂದಗಿರಿ ಬೇಡ ಸರ್, ವೀಕೆಂಡ್ ತುಂಬಾ ರಶ್" ಎಂದು ಸಲಹೆ ಕೊಟ್ಟ. ಎದುರು ಮನೆಯವರೂ ಕೇಳಿಸಿಕೊಂಡರು. ನೀವು ಬೇಕೆಂದೇ ಕಾರ್ಡಿನಲ್ಲಿ ಬರೆದಿದ್ದೀರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇನ್ನು ಮುಂದೆ ಅಂಟಿಸಿದ ಲಕೋಟೆಯಲ್ಲಿ ಬರೆಯಿರಿ.

ನನ್ನ ಮಗಳು ನನಗೂ ಇದನ್ನೇ ಹೇಳಿದ್ದಾಳೆ. ಅವಳು ಹಟ ಹಿಡಿದರೆ ಬಿಡುವವಳಲ್ಲ. ಅದು ನನ್ನ ಕಡೆಯಿಂದ ಬಂದ ಗುಣ.

ಸ್ಕಂದಗಿರಿ ಆಗುವುದಿಲ್ಲ. ಮುಂಗಡ ಟಿಕೆಟ್ ಮಾಡಿಸಬೇಕು, ಅದು ಕತ್ತಲಲ್ಲಿ ಹೊರಡುವವರ ಬೆಟ್ಟ, ಮತ್ತು ಹಿಮ್ಮುಖವಾಗಿ ಇಳಿಯುವವರಿಗೆ ಅಲ್ಲಿ ಯಾವ ಸೌಲಭ್ಯವೂ ಇಲ್ಲ.

ನನ್ನ ಆಯ್ಕೆ ಶಿವಗಂಗೆ. ನಾಗಸಂದ್ರ ದಾಟಿ ತುಮಕೂರು ರಸ್ತೆಯಲ್ಲಿ ನೇರ ಹೋದರೆ ಒಂದೂವರೆ ಗಂಟೆ. ಮೆಟ್ಟಿಲುಗಳಿವೆ. ಕಡಿದಾದ ಕಡೆ ಕಬ್ಬಿಣದ ಕಂಬಿ ಇದೆ. ಕುಡಿಯುವ ನೀರು ಸಿಗುತ್ತದೆ. ಕೆಳಗೆ ಉಳಿದುಕೊಳ್ಳಲು ಛತ್ರವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ದಾರಿ ತಪ್ಪಲು ಸಾಧ್ಯವಿಲ್ಲ. ನೀವು ಜೊತೆಯಲ್ಲಿದ್ದರೂ.

ಹನ್ನೊಂದು ವರ್ಷದ ಹಿಂದಿನ ಜಾಲಗಲ್ಲು ಬೆಟ್ಟವನ್ನು ನಾನು ಮರೆತಿಲ್ಲ. ಹತ್ತು ಜನ, ಎರಡು ಬಾಟಲಿ ನೀರು, ಏಪ್ರಿಲ್ ತಿಂಗಳ ಬಿಸಿಲು, ಮೂರು ಗಂಟೆ. "ನಾನು ಎಮ್ಮೆ ಮೇಯಿಸಿದ ಬೆಟ್ಟ, ಕಣ್ಣು ಮುಚ್ಚಿ ಕರ್ಕೊಂಡು ಹೋಗ್ತೀನಿ" ಎಂದಿದ್ದಿರಿ. ಕಣ್ಣು ಮುಚ್ಚಿಯೇ ಕರೆದುಕೊಂಡು ಹೋದಿರಿ. ಕೊನೆಗೆ ಮೇಕೆ ಕಾಯುವ ಸೊಣ್ಣಮ್ಮ ಎಂಬ ಮುದುಕಿ ಬಂದು ನಮ್ಮನ್ನು ಇಳಿಸಬೇಕಾಯಿತು. ನನ್ನ ಶಾಲೆಯ ನಾಲ್ಕು ಜನ ಸಹೋದ್ಯೋಗಿಗಳ ಮುಂದೆ.

ಶಿವಗಂಗೆಗೆ ನಿಮ್ಮ ಒಪ್ಪಿಗೆ ತಿಳಿಸಿ.

ಕೆ. ಎನ್. ಶಿವರಾಮ್
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ

*

ಹುಣಸಮಾರನಹಳ್ಳಿ
11 ಡಿಸೆಂಬರ್, ಬುಧವಾರ

ಭಾವನವರಿಗೆ,

ಬಾಲರಾಜಣ್ಣನಿಗೆ ಮೊದಲು ನಮಸ್ಕಾರ, ಅವರೇ ತಾನೆ ಮೊದಲು ಓದೋದು. ಬಾಲರಾಜಣ್ಣ, ನಮ್ಮ ಭಾವ ಕೆಟ್ಟೋರಲ್ಲ, ಡ್ರಿಲ್ ಮೇಷ್ಟ್ರು ಅಷ್ಟೇ. ಮೂವತ್ತು ವರ್ಷ ಪೀಪಿ ಊದಿ ಊದಿ, ಊದಿದ ತಕ್ಷಣ ಜಗತ್ತು ಸಾಲಾಗಿ ನಿಲ್ಲುತ್ತೆ ಅಂದ್ಕೊಂಡಿದ್ದಾರೆ.

ಶಿವಗಂಗೆ ಅಂತೆ. ಭಾವ, ಅದು ನಮ್ಮಜ್ಜಿ ಎಂಬತ್ತನೇ ವಯಸ್ಸಲ್ಲಿ ಎಲೆ ಅಡಿಕೆ ಹಾಕ್ಕೊಂಡು ಹತ್ತಿದ್ದು. ಕಂಬಿ ಹಿಡ್ಕೊಂಡು ಹತ್ತೋಕೆ ನಾನು ಯಾಕೆ ಬರಲಿ, ಮೆಟ್ರೋ ಸ್ಟೇಷನ್ ಸಾಲದಾ. ನನಗೆ ವಯಸ್ಸಾಯ್ತು ಅಂತ ಹಿಂಗೆ ಮೆಟ್ಟಿಲು ತೋರಿಸಿ ಅವಮಾನ ಮಾಡೋದು ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ. ಏಳನೇ ಕ್ಲಾಸಲ್ಲಿ ನಾನು ಸ್ಕೂಲಿಗೇ ಫಸ್ಟು. ಪರೀಕ್ಷೆ ಬರೆದೋರು ಮೂರು ಜನ ಅನ್ನೋದು ಬೇರೆ ವಿಷಯ.

ನೀವು ಏನೋ ಹೊಸ ಶೂ ತಗೊಂಡಿದ್ದೀರಂತೆ, ಕಣಕಾಲು ಮುಚ್ಚೋ ಅಷ್ಟು ಎತ್ತರದ್ದು. ಅದು ಹಾಕ್ಕೊಂಡು ಪಾರ್ಕಲ್ಲಿ ಸುತ್ತು ಹೊಡೀತೀರಂತೆ, ಮಡಚೋ ಕೋಲು ಬೇರೆ. ಅಕ್ಕ ಹೇಳಿದಳು. ನಿಮ್ಮ ಮಾತು ದಾಟಿಸಲ್ಲ ಅಂದಿದ್ದಾಳೆ ಅಷ್ಟೇ, ನಿಮ್ಮ ಸುದ್ದಿ ಹೇಳಲ್ಲ ಅಂದಿಲ್ಲ.

ನನ್ನ ಕೊನೇ ಮಾತು, ಆವಲಬೆಟ್ಟ. ಆ ಬೆಟ್ಟದ ಮೇಲಿಂದ ಕಾಲು ಮುರ್ಕೊಂಡ ಒಂದು ತುಂಬು ಗಬ್ಬದ ಕುರಿನ ಹೆಗಲ ಮೇಲೆ ಹಾಕ್ಕೊಂಡು ಪೂರಾ ಇಳಿದೋನು ನಾನು. ಕೆಳಗೆ ಇಳಿಸಿದ ತಕ್ಷಣ ಎರಡು ಮರಿ ಹಾಕ್ತು. ಆ ಊರೋರು ಇವತ್ತಿಗೂ ನನ್ನ ಹೆಸರು ಹೇಳ್ತಾರೆ. ಅಂಥೋನು ನಿಮ್ಮ ಮಗಳನ್ನ ಮಂಟಪಕ್ಕೆ ಎತ್ಕೊಂಡು ಬರೋದು ಯಾವ ಮಹಾ ಕೆಲಸ.

ಆವಲಬೆಟ್ಟಕ್ಕೆ ಹ್ಞೂಂ ಅನ್ನಿ.

ಮುನಿಗಂಗಪ್ಪ

*

ವಿದ್ಯಾರಣ್ಯಪುರ
16-12-2024

ಶ್ರೀ ಮುನಿಗಂಗಪ್ಪನವರಿಗೆ,

ಮತ್ತೆ ಕಾರ್ಡು. ಬಾಲರಾಜ್ ಈಗ ನನ್ನ ಶೂ ತೋರಿಸಿ ಎನ್ನುತ್ತಿದ್ದಾನೆ.

ಆವಲಬೆಟ್ಟದ ಬಗ್ಗೆ ಒಂದು ವಿಷಯ. ನನ್ನ ಭಾವೀ ಅಳಿಯ ನರೇಂದ್ರ ಅಲ್ಲಿಗೆ ನಾಲ್ಕು ಸಲ ಹೋಗಿದ್ದಾನೆ. ದೇವಸ್ಥಾನದ ಹತ್ತಿರದವರೆಗೂ ವಾಹನ ಹೋಗುವ ರಸ್ತೆ ಇದೆಯಂತೆ. ಗಬ್ಬದ ಕುರಿಯನ್ನು ಹೆಗಲ ಮೇಲೆ ಹೊತ್ತು ಇಳಿಸುವ ಕಷ್ಟ ನಿಮಗೆ ಯಾಕೆ ಬಂತೋ ತಿಳಿಯದು. "ಆಗ ರಸ್ತೆ ಇರಲಿಲ್ಲ" ಎಂದು ನೀವು ಬರೆಯುತ್ತೀರಿ. ಆದ್ದರಿಂದ ಬೇರೆ ಪ್ರಶ್ನೆ ಕೇಳುತ್ತೇನೆ. ಆ ಬೆಟ್ಟದ ತುದಿಯಲ್ಲಿ ಎಲ್ಲರೂ ಹೋಗಿ ನಿಲ್ಲುವ ಒಂದು ಬಂಡೆ ಇದೆ. ಅದು ಹೇಗಿದೆ, ಎರಡು ಸಾಲಿನಲ್ಲಿ ಬರೆಯಿರಿ. ಹತ್ತಿದವನು ಅದನ್ನು ಮರೆಯಲಾರ.

ಯಶೋಧಾ ನನ್ನ ಸುದ್ದಿ ನಿಮಗೆ ಹೇಳಿದಂತೆ ನಿಮ್ಮ ಸುದ್ದಿಯನ್ನೂ ನನಗೆ ಹೇಳುತ್ತಾಳೆ. ಕಾರ್ತಿಕ ಸೋಮವಾರ ನಿಮ್ಮ ಊರಿನ ಗುಡ್ಡದ ಮೇಲಿನ ಗುಡಿಗೆ ಹೋಗುವಾಗ ನೀವು ಮೂರು ಕಡೆ ಕುಳಿತಿರಂತೆ. ಒಮ್ಮೆ ಚಪ್ಪಲಿಯಲ್ಲಿ ಕಲ್ಲು, ಒಮ್ಮೆ ಫೋನು, ಒಮ್ಮೆ "ಗಾಳಿ ಚೆನ್ನಾಗಿದೆ". ಆ ಗುಡ್ಡ ಎಷ್ಟು ಎತ್ತರ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ನಾನು ಶಿವಗಂಗೆ ಎಂದದ್ದು. ನೀವು ಅವಮಾನ ಎಂದಿರಿ.

ನನ್ನ ಮಗಳ ತೂಕ ಅರವತ್ತೊಂದು ಕಿಲೋ. ಹೊಸ ಸೀರೆ, ಒಡವೆ ಬೇರೆ. ಅವಳನ್ನು ನೀವು ನೂರಾರು ಜನರ ಮುಂದೆ ಕೆಳಗೆ ಹಾಕುವುದನ್ನು ನಾನು ನೋಡಬೇಕಾಗಿಲ್ಲ. ನಿಜ ಹೇಳಬೇಕೆಂದರೆ, ರಿಜಿಸ್ಟ್ರಾರ್ ಕಚೇರಿಯ ಮದುವೆ ಈಗ ನನಗೆ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿಲ್ಲ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅಲ್ಲಿ ಬೇಕಾಗುವುದು ಸಾಕ್ಷಿಗಳು. ಸೋದರಮಾವ ಅಲ್ಲ. ಸಾಕ್ಷಿ ಎಂದರೆ ಕಂಡದ್ದನ್ನು ಮಾತ್ರ ಹೇಳುವವನು. ನಿಮಗೆ ಆ ಕೆಲಸವೂ ಆಗದು.

ಶಿವರಾಮ್

*

ಹುಣಸಮಾರನಹಳ್ಳಿ
20 ಡಿಸೆಂಬರ್, ಶುಕ್ರವಾರ

ಭಾವ,

ಇವತ್ತು ಲಕೋಟೆ. ಅಂಟು ಹಾಕಿದ್ದೀನಿ. ಈ ಮಾತು ಬಾಲರಾಜಣ್ಣ ಓದೋದು ಬೇಡ. ನಿಮ್ಮ ಮಾನಕ್ಕೋಸ್ಕರ ಬೇಡ, ನನ್ನದಕ್ಕಲ್ಲ.

ಹನ್ನೊಂದು ವರ್ಷದಿಂದ ಒಂದು ಮಾತು ನುಂಗಿ ಕೂತಿದ್ದೀನಿ. ಸಾಕ್ಷಿ ಹೇಳೋಕೆ ಬರಲ್ಲ ಅಂದ್ರಲ್ಲ, ತಗೊಳ್ಳಿ ಸಾಕ್ಷಿ.

ಜಾಲಗಲ್ಲು ಬೆಟ್ಟದಲ್ಲಿ ಅರ್ಧ ಹತ್ತಿದ ಮೇಲೆ ದಾರಿ ಎರಡಾಯ್ತು. ಒಂದು ಕಡೆ ಕುರುಚಲು, ಇನ್ನೊಂದು ಕಡೆ ಬಂಡೆ. ಬಂಡೆ ಮೇಲೆ ಕಲ್ಲಿನ ಮೇಲೆ ಕಲ್ಲು, ಕಲ್ಲಿನ ಮೇಲೆ ಕಲ್ಲು ಜೋಡಿಸಿ ಇಟ್ಟಿತ್ತು. ಆಗ ಬಂಡೆ ಕಡೆ ಕೈ ತೋರಿಸಿದೋರು ಯಾರು? ನಾನಲ್ಲ. ನೀವು. ಪೀಪಿ ಊದಿ ಎಲ್ಲರನ್ನೂ ನಿಲ್ಲಿಸಿ, ನಿಮ್ಮ ನಾಲ್ಕು ಜನ ಮೇಷ್ಟ್ರುಗಳ ಮುಂದೆ ಪಾಠ ಮಾಡಿದ್ರಿ. "ಇದು ದಾರಿ ಗುರುತು. ಸ್ಕೌಟ್ ಕ್ಯಾಂಪಲ್ಲಿ ನಮಗೆ ಕಲಿಸಿದ್ದಾರೆ. ಮುಂದೆ ಹೋದೋರು ಹಿಂದೆ ಬರೋರಿಗೆ ಅಂತ ಕಲ್ಲು ಜೋಡಿಸಿ ಹೋಗ್ತಾರೆ. ಇದನ್ನೇ ಹಿಡಿದು ಹೋದರೆ ತುದಿ."

ಭಾವ, ಅದು ದಾರಿ ಗುರುತಲ್ಲ. ಅದು ಮನೆ ಹರಕೆ. ಮನೆ ಕಟ್ಟಬೇಕು ಅಂತ ಆಸೆ ಇರೋ ಹೆಂಗಸರು ಬೆಟ್ಟದ ಮೇಲೆ ಕಲ್ಲು ಜೋಡಿಸಿ, "ಸ್ವಾಮಿ, ಒಂದು ಸೂರು ಕೊಡು" ಅಂತ ಬೇಡ್ಕೊಂಡು ಬರ್ತಾರೆ. ಒಂದಂತಸ್ತು ಬೇಕಾದೋರು ಮೂರು ಕಲ್ಲು, ಮಹಡಿ ಬೇಕಾದೋರು ಐದು. ಎಲ್ಲಿ ನೆರಳು ಸಿಕ್ತೋ, ಎಲ್ಲಿ ಚಪ್ಪಟೆ ಕಲ್ಲು ಸಿಕ್ತೋ ಅಲ್ಲಿ ಇಡ್ತಾರೆ. ಅದಕ್ಕೆ ದಿಕ್ಕಿಲ್ಲ ದೆಸೆಯಿಲ್ಲ. ನೀವು ಒಂದು ಹೆಂಗಸಿನ ಮನೆಯಿಂದ ಇನ್ನೊಂದು ಹೆಂಗಸಿನ ಮನೆಗೆ, ಅಲ್ಲಿಂದ ಮತ್ತೊಂದು ಮನೆಗೆ, ಹತ್ತು ಜನರನ್ನ ಮೂರು ಗಂಟೆ ಸುತ್ತಿಸಿದ್ರಿ. ಬೆಟ್ಟದ ಮೇಲೆ ಒಂದು ಲೇಔಟೇ ನೋಡ್ಕೊಂಡು ಬಂದ್ವಿ.

ಆಮೇಲೆ ಕೆಳಗೆ ಬಂದು ಎಲ್ಲರ ಮುಂದೆ ನನಗೆ ಏನಂದ್ರಿ? "ಬೆಟ್ಟ ಹತ್ತಿರೋದು ಇವನ ಬಾಯಿ, ಇವನಲ್ಲ." ಅಕ್ಕ ನಾಲಿಗೆ ಒಣಗಿ ಕೂತಿದ್ದಳು. ಧನು ಹದಿನಾಲ್ಕು ವರ್ಷದ ಹುಡುಗಿ, ಅಳ್ತಿದ್ದಳು. ನಾನು ಆಗ ಕಲ್ಲಿನ ವಿಷಯ ಎತ್ತಿದ್ದಿದ್ರೆ ನಿಮ್ಮ ಸ್ಕೂಲಲ್ಲಿ ನಿಮ್ಮನ್ನ ರಿಟೈರ್ ಆಗೋವರೆಗೂ ಆಡ್ಕೊಳ್ಳೋರು. ಎತ್ತಲಿಲ್ಲ. ಅಕ್ಕನ ಗಂಡ ಅಂತ ಸುಮ್ಮನಿದ್ದೆ. ಆಣೆ ಇಟ್ಟು ಬಂದೆ.

ಈಗ ರಿಜಿಸ್ಟ್ರಾರ್ ಆಫೀಸು ಚೆನ್ನಾಗಿದೆ ಅಂತೀರಿ. ಮಾಡಿ. ನನ್ನ ಅಕ್ಕನ ಮಗಳ ಕೈ ನನ್ನ ಕೈಯಿಂದ ತಪ್ಪಿಸಿದ್ದು ಯಾರು ಅಂತ ನಿಮಗಂತೂ ಗೊತ್ತಿರಲಿ.

ಮುನಿಗಂಗಪ್ಪ

*

ವಿದ್ಯಾರಣ್ಯಪುರ
3-1-2025

ಮುನಿಗಂಗಪ್ಪ,

ಹದಿನಾಲ್ಕು ದಿನ ನಾನು ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ "ಶ್ರೀ" ಎಂದು ಶುರು ಮಾಡಿದ್ದೆ. ಇದರಲ್ಲಿ ಇಲ್ಲ, ಯಾಕೆಂದರೆ ನಿನ್ನ ಮೇಲೆ ನನಗೆ ಬಂದಿರುವ ಸಿಟ್ಟಿಗೆ ಬಹುವಚನ ಹೊಂದುವುದಿಲ್ಲ.

ಕಲ್ಲಿನ ವಿಷಯ ನನಗೆ ಗೊತ್ತು. ನೀನು ಹೇಳಬೇಕಾಗಿರಲಿಲ್ಲ. 2016ರಲ್ಲಿ ನಾನೂ ಯಶೋಧಾಳೂ ದೇವರಾಯನದುರ್ಗಕ್ಕೆ ಹೋಗಿದ್ದೆವು. ಇಳಿಯುವಾಗ ಅವಳು ಒಂದು ಬಂಡೆಯ ಪಕ್ಕ ಕುಳಿತು ಐದು ಕಲ್ಲು ಜೋಡಿಸಿದಳು. "ಇದೇನು, ಯಾರಿಗೆ ದಾರಿ ತೋರಿಸುತ್ತಿದ್ದೀಯ" ಎಂದೆ. ಅವಳು ನಕ್ಕು, "ಮೇಲಿನ ಮನೆ ಕಟ್ಟಿಸೋಕೆ ಕಣ್ರೀ, ಇಷ್ಟೂ ಗೊತ್ತಿಲ್ವಾ" ಅಂದಳು. ನಾನು ಅಲ್ಲೇ ನಿಂತುಬಿಟ್ಟೆ. ಅವಳು ಬಿಸಿಲಿಗೆ ಎಂದುಕೊಂಡು ನೀರು ಕೊಟ್ಟಳು. ಮೇಲಿನ ಮನೆ ಮುಂದಿನ ವರ್ಷ ಕಟ್ಟಿಸಿದೆವು. ಆ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ನಿನ್ನ ಮುಖ ಬರುತ್ತದೆ. ಅದು ಸುಖದ ವಿಷಯವಲ್ಲ.

ಎಂಟು ವರ್ಷದಿಂದ ನನಗೆ ಗೊತ್ತಿದೆ, ನಾನು ನಿನಗೆ ಹೇಳಲಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಬರೆದು ಕೊಟ್ಟಿದ್ದೇನೆ, ಇಟ್ಟುಕೋ.

ಆದರೆ ನೀನು ನಿನ್ನ ಕಾಗದದಲ್ಲಿ ಒಂದು ವಿಷಯ ಬಿಟ್ಟಿದ್ದೀಯ. ನಾನು ಕಲ್ಲು ತೋರಿಸಿದ ಮೇಲೆ ಹಿಂದೆ ತಿರುಗಿ ನಿನ್ನನ್ನು ಕೇಳಿದೆ: "ಮುನಿಗಂಗಪ್ಪ, ಇದೇ ದಾರಿ ತಾನೆ?" ನೀನು ಏನಂದೆ? "ಇದೇ ಭಾವ, ಇದೇ. ನಮ್ಮೆಮ್ಮೆ ದಿನಾ ಹೋಗ್ತಿದ್ದ ದಾರಿ." ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅದನ್ನೇ ಅಂದೆ. ನಾನು ತಿಳಿಯದೆ ತಪ್ಪು ದಾರಿ ತೋರಿಸಿದೆ. ನೀನು ಅದು ಹರಕೆ ಕಲ್ಲು ಎಂದು ಗೊತ್ತಿದ್ದೂ ಹೌದೆಂದೆ. ನಿನ್ನ ಅಕ್ಕ ನೀರಿಲ್ಲದೆ ಕುಳಿತಾಗಲೂ ನಿನಗೆ ಗೊತ್ತಿತ್ತು. ಮೂರು ಗಂಟೆ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ? ನಿನ್ನ ಬಾಯಿ ಮುಚ್ಚಿದ್ದನ್ನು ನಾನು ಜನ್ಮದಲ್ಲಿ ಕಂಡಿರುವುದು ಅದೊಂದೇ ಸಲ.

ನನ್ನ ಮಾನ ಉಳಿಸಲು ಎಂದು ಮತ್ತೆ ಬರೆಯಬೇಡ. ನನಗೆ ವಾಂತಿ ಬರುತ್ತದೆ.

ಸಂಕ್ರಾಂತಿಗೆ ಹನ್ನೊಂದು ದಿನ ಇದೆ. ನನಗೆ ಈಗ ಶಿವಗಂಗೆಯೂ ಬೇಡ, ನಿನಗೆ ಆವಲಬೆಟ್ಟವೂ ಬೇಡ. ಹೀಗೆ ಮಾಡೋಣ. ನೀನು ಯಾವತ್ತೂ ಹತ್ತದ ಒಂದು ಬೆಟ್ಟದ ಹೆಸರು ಬರೆದು ಕಳಿಸು. ಅಲ್ಲಿಗೆ ಹೋಗೋಣ. ಅಲ್ಲಿ ನೀನು ದಾರಿ ತೋರಿಸುವ ಹಾಗಿಲ್ಲ, ನಾನು ಪೀಪಿ ತರುವುದಿಲ್ಲ. ಧನುಶ್ರೀ ಮುಂದೆ ನಡೆಯುತ್ತಾಳೆ. ನಾವಿಬ್ಬರೂ ಅವಳ ಹಿಂದೆ.

ಒಂದೇ ಒಂದು ಹೆಸರು. ಅಷ್ಟೇ ನಾನು ಕೇಳುತ್ತಿರುವುದು.

ಶಿವರಾಮ್

*

ಹುಣಸಮಾರನಹಳ್ಳಿ
6 ಜನವರಿ, ಸೋಮವಾರ

ಭಾವನವರಿಗೆ,

ಕಾಗದ ತಲುಪಿತು. ನಾನು ಹತ್ತದ ಬೆಟ್ಟ ಅಂತ ಯಾವುದೂ ಇಲ್ಲ. ಈ ಕಡೆ ದೊಡ್ಡಬಳ್ಳಾಪುರ, ಆ ಕಡೆ ಚಿಕ್ಕಬಳ್ಳಾಪುರ, ಮೇಲೆ ಮಧುಗಿರಿವರೆಗೂ ಎಲ್ಲಾ ನನ್ನ ಕಾಲ ಕೆಳಗೆ ಬಂದು ಹೋಗಿದೆ. ಇಲ್ಲದ ಹೆಸರು ನಾನು ಎಲ್ಲಿಂದ ತರಲಿ.

ನಿಮಗೆ ನನ್ನ ಬಾಯಿಂದ ಸೋತೆ ಅನ್ನಿಸಬೇಕು. ಅದಕ್ಕೆ ಬೆಟ್ಟದ ನೆಪ.

ಬಾಲರಾಜಣ್ಣ, ನೀವೇ ನ್ಯಾಯ ಹೇಳಿ.

ಮುನಿಗಂಗಪ್ಪ

*

ವಿದ್ಯಾರಣ್ಯಪುರ
8-1-2025

ಮುನಿಗಂಗಪ್ಪ,

ಬಾಲರಾಜ್ ನಿನ್ನ ಕಾರ್ಡನ್ನು ಗೇಟಿಗೆ ಸಿಕ್ಕಿಸಿ, ಮುಂದಿನ ಮನೆಗೆ ಹೋದ.

ನಿನ್ನೆ ಧನುಶ್ರೀ ಮಧ್ಯಾಹ್ನ ರಜೆ ಹಾಕಿ ಯಲಹಂಕದ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಏನೇನು ದಾಖಲೆ ಬೇಕು ಎಂದು ಬರೆದುಕೊಂಡು ಬಂದಳು. ಬಂದವಳು ಅವಳ ಅಮ್ಮನನ್ನು ಕೇಳಿದಳು: "ಮಾವ ಸಾಕ್ಷಿ ಹಾಕೋಕಾದ್ರೂ ಬರ್ತಾನಾ?" ಯಶೋಧಾ ನನ್ನ ಮುಖ ನೋಡಿದಳು. ಒಳಗೆ ಹೋಗಿ ಶೂ ಒರೆಸಿದೆ.

ಮಂಗಳವಾರ ಸಂಕ್ರಾಂತಿ. ನಾನು ಇನ್ನು ಬರೆಯುವುದಿಲ್ಲ.

ಶಿವರಾಮ್

*

ಹುಣಸಮಾರನಹಳ್ಳಿ
10 ಜನವರಿ, ಶುಕ್ರವಾರ

ಭಾವ,

ಇದನ್ನ ನಾನೇ ಯಲಹಂಕಕ್ಕೆ ಬಂದು ದೊಡ್ಡ ಪೋಸ್ಟಾಫೀಸಲ್ಲಿ ಹಾಕ್ತಿದ್ದೀನಿ, ಸ್ಪೀಡ್ ಪೋಸ್ಟು. ಕೌಂಟರಲ್ಲಿ ಕೂತಿದ್ದ ಹುಡುಗಿ "ಒಳಗೆ ಏನಿದೆ" ಅಂದಳು. "ಬೆಟ್ಟ" ಅಂದೆ. ಅವಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ನೀವು ಕೇಳಿದ್ರಿ, ಮೂರು ಗಂಟೆ ಯಾಕೆ ಸುಮ್ಮನಿದ್ದೆ ಅಂತ. ಇದು ಹರಕೆ ಕಲ್ಲು ಭಾವ, ದಾರಿ ಇದಲ್ಲ ಅಂದಿದ್ರೆ ನೀವು ಮುಂದಿನ ಪ್ರಶ್ನೆ ಏನು ಕೇಳೋರು? ಹಾಗಾದ್ರೆ ದಾರಿ ಯಾವುದು ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಜಾಲಗಲ್ಲು ಬೆಟ್ಟ ಅವತ್ತೇ ಮೊದಲನೇ ಸಲ ನೋಡಿದ್ದು. ನಮ್ಮ ಎಮ್ಮೆ ಕೆರೆ ಅಂಗಳ ಬಿಟ್ಟು ಎಲ್ಲೂ ಹೋಗಿಲ್ಲ. ನಾನೂ ಅದರ ಹಿಂದೇನೇ ಇದ್ದೆ. ಅಕ್ಕನಿಗೆ ಇದು ಗೊತ್ತು. ಅವತ್ತು ಬಂಡೆ ನೆರಳಲ್ಲಿ ಕೂತ್ಕೊಂಡು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ. ಬೆಟ್ಟ ಹತ್ತಿರೋದು ಇವನ ಬಾಯಿ ಅಂತ ನೀವು ಅಂದಿದ್ದು ನನಗೆ ಚುಚ್ಚಿದ್ದು ಅದು ನಿಜ ಆಗಿದ್ದಕ್ಕೆ ಭಾವ. ಎಲ್ಲರ ಮುಂದೆ ನಿಜ ಹೇಳಿದ್ರಿ ಅಂತ ಆಣೆ ಇಟ್ಟೆ.

ಒಂದೇ ಒಂದು ಹೆಸರು ಕೇಳಿದ್ರಿ. ಒಂದು ಬರೆಯೋಕೆ ಕೂತೆ, ಆಗಲಿಲ್ಲ. ಒಂದು ಬರೆದ್ರೆ ಮಿಕ್ಕಿದ್ದೆಲ್ಲ ಹತ್ತಿದ್ದೀನಿ ಅಂತ ಆಗುತ್ತೆ. ಅದೂ ಸುಳ್ಳಾಗುತ್ತೆ.

ಸ್ಕಂದಗಿರಿ ಹತ್ತಿಲ್ಲ. ಹಿಮ್ಮುಖವಾಗಿ ಇಳಿದಿದ್ದು ನಮ್ಮೂರ ಕೆರೆ ಏರಿ. ಆವಲಬೆಟ್ಟ ಹತ್ತಿಲ್ಲ, ಅಲ್ಲಿನ ಬಂಡೆ ಹೇಗಿದೆಯೋ ನನಗೆ ಗೊತ್ತಿಲ್ಲ. ಕುರಿ ಕತೆ ದೇವನಹಳ್ಳಿ ಸಂತೇಲಿ ಯಾರೋ ಹೇಳಿದ್ದು, ಅದೂ ಒಂದೇ ಮರಿ ಹಾಕಿದ್ದು. ಮಾಕಳಿದುರ್ಗ ರೈಲಿಂದ ನೋಡಿದ್ದೀನಿ. ಹುಲುಕುಡಿ ಹತ್ತಿಲ್ಲ. ಚನ್ನರಾಯನದುರ್ಗ ಹತ್ತಿಲ್ಲ. ಮಧುಗಿರಿ ಕೆಳಗೆ ನಿಂತು ತಲೆ ಎತ್ತಿ ನೋಡಿ ತಲೆ ತಿರುಗಿ ಕಬ್ಬಿನ ಹಾಲು ಕುಡಿದು ಬಂದೆ. ಸಾವನದುರ್ಗ ಇಲ್ಲ. ದೇವರಾಯನದುರ್ಗ ಇಲ್ಲ. ಕೈವಾರ ಇಲ್ಲ. ಶಿವಗಂಗೆ ನಮ್ಮಜ್ಜಿ ಹತ್ತಿದ್ದು ನಿಜ. ಅವತ್ತು ನನಗೆ ಹನ್ನೆರಡು ವರ್ಷ. ಅರ್ಧಕ್ಕೆ ಎದೆ ಹೊಡ್ಕೊಂಡು, ಕೆಳಗೆ ನೋಡೋಕಾಗದೆ, ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತುಬಿಟ್ಟೆ. ಅಜ್ಜಿ ಮೇಲೆ ಹೋಗಿ ಪೂಜೆ ಮಾಡಿಸ್ಕೊಂಡು ಬಂದು ನನ್ನ ಕೈ ಹಿಡಿದು ಇಳಿಸಿದಳು. ನಂದಿಬೆಟ್ಟಕ್ಕೆ ಕಾರಲ್ಲಿ ಹೋಗಿದ್ದೀನಿ, ಕಿಟಕಿ ಕಡೆ ಕೂರಲಿಲ್ಲ.

ಎತ್ತರ ಅಂದ್ರೆ ನನಗೆ ಭಯ. ಅರವತ್ತೆರಡು ವರ್ಷದಲ್ಲಿ ಇದನ್ನ ನನ್ನ ಹೆಂಡತಿಗೂ ಹೇಳಿಲ್ಲ. ಊರಲ್ಲಿ ಯಾರಾದರೂ ಹತ್ತಿ ಬಂದು ಕತೆ ಹೇಳಿದ್ರೆ ನಾನು ಅದಕ್ಕಿಂತ ಜೋರಾಗಿ ಹೇಳ್ತಿದ್ದೆ, ಆಮೇಲೆ ಯಾರೂ ಬಾ ಹತ್ತೋಣ ಅಂತ ಕರೀತಿರಲಿಲ್ಲ. ಎಲ್ಲಾ ಹತ್ತಿದೋನನ್ನ ಯಾರು ಕರೀತಾರೆ.

ನೀವು ಇದನ್ನ ಓದಿ ನಗ್ತೀರಿ. ನಗಿ. ಅದಕ್ಕೂ ನನಗೆ ನಿಮ್ಮ ಮೇಲೆ ಸಿಟ್ಟಿದೆ. ಎಂಟು ವರ್ಷ ಕಲ್ಲಿನ ವಿಷಯ ಗೊತ್ತಿದ್ದೂ ಮಹಡಿ ಮೇಲೆ ಕೂತು ಕಾಫಿ ಕುಡಿದ್ರಲ್ಲ, ಅದನ್ನ ನಾನು ಬೆಟ್ಟದ ಮೇಲೂ ಕೇಳ್ತೀನಿ, ಇಳಿದ ಮೇಲೂ ಕೇಳ್ತೀನಿ. ಆಣೆ ಬಿಡಿಸಿದ ತಕ್ಷಣ ಬಾಯಿ ಬಿಟ್ಟು ಕೇಳೋ ಮೊದಲನೇ ಮಾತು ಅದೇ. ತಯಾರಾಗಿ ಬನ್ನಿ.

ಯಾವ ಬೆಟ್ಟ ಅಂತ ನಾನು ಹೇಳಲಾರೆ. ಯಾವುದು ಹೇಳಿದ್ರೂ ನನಗೆ ಒಂದೇ, ಎಲ್ಲವೂ ಎತ್ತರಾನೇ. ಧನು ಕೊಟ್ಟ ಕಾಗದ ಇದರ ಜೊತೆ ಇಟ್ಟಿದ್ದೀನಿ. ಬೆಟ್ಟದ ಹೆಸರು ಬರೆಯೋ ಜಾಗ ಖಾಲಿ ಇದೆ. ಕೆಳಗೆ ನನ್ನ ರುಜು ಹಾಕಿದ್ದೀನಿ.

ಏರ್‌ಪೋರ್ಟ್ ಬರುತ್ತೆ ಅಂದ ಕಾಲದಲ್ಲಿ ನಮ್ಮ ಹೊಲದ ಸುತ್ತ ಎಷ್ಟು ಜನ ಕಾರಲ್ಲಿ ಬಂದು ಇಳಿದ್ರು ಅಂತ ನಿಮಗೆ ಗೊತ್ತು. ಎಲ್ಲರ ಕೈಯಲ್ಲೂ ಕಾಗದ, ಎಲ್ಲಾ ಕಾಗದದಲ್ಲೂ ಒಂದು ಜಾಗ ಖಾಲಿ. "ಸುಮ್ನೆ ಒಂದು ಸೈನ್ ಹಾಕಿ ಮುನಿಗಂಗಪ್ಪನೋರೇ, ಮಿಕ್ಕಿದ್ದು ನಾವು ತುಂಬ್ಕೋತೀವಿ." ನಮ್ಮ ಪಕ್ಕದ ಹೊಲದ ಹನುಮಯ್ಯ ಹಾಕಿದ, ಇವತ್ತು ಅದೇ ಹೊಲದಲ್ಲಿ ಎದ್ದಿರೋ ಹೋಟೆಲಿಗೆ ಕಾವಲು ಕಾಯ್ತಾನೆ. ನಾನು ಒಬ್ಬರಿಗೂ ಹಾಕಲಿಲ್ಲ. ನನ್ನ ಸ್ವಂತ ಮಕ್ಕಳು ಕೇಳಿದಾಗಲೂ ಹಾಕಲಿಲ್ಲ.

ಇದಕ್ಕೆ ಹಾಕಿದ್ದೀನಿ. ಹೆಸರು ನೀವು ತುಂಬ್ಕೊಳ್ಳಿ.

ಮುನಿಗಂಗಪ್ಪ